ಬೆಳಕು, ಚಲನೆ, ನಾದ: ಯುರೋಪಿನ ಬರೋಕ್ ಕಲೆ ಮತ್ತು ಸಂಗೀತ



ನಮ್ಮ ಸ್ಟುಡಿಯೋದಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇನೆ. ಯುರೋಪಿನ ಚಿತ್ರಕಲೆಯನ್ನು ಕುರಿತ ಉಪನ್ಯಾಸವೊಂದರ ಚಿತ್ರೀಕರಣಕ್ಕೆ ಸಿದ್ಧತೆ ನಡೆದಿತ್ತು. ದೊಡ್ಡದಾಗಿ ಮುದ್ರಿಸಿದ ಒಂದು ಚಿತ್ರವನ್ನು ಗೋಡೆಗೆ ಒರಗಿಸಿ ಇಟ್ಟಿದ್ದೆವು. ವರ್ಷಗಟ್ಟಲೆ ದೀಪಗಳ ನಡುವೆಯೇ ಕೆಲಸ ಮಾಡಿದ ನಮ್ಮ ಲೈಟಿಂಗ್ ಸಹಾಯಕರು ಅದರ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ಕೇಳಿದರು: "ಸಾರ್, ಇವರು ಒಂದೇ ಲೈಟ್ ಇಟ್ಟಿದ್ದಾರೆ. ಬಲಗಡೆ, ಮೇಲೆ. ಬೇರೆ ಲೈಟೇ ಹಾಕಿಲ್ಲ. ಯಾವ ಸಿನಿಮಾದ್ದು ಇದು?"

ಅದು ಸಿನಿಮಾದ ಚಿತ್ರವಾಗಿರಲಿಲ್ಲ. ರೋಮ್ ನಗರದ ಒಂದು ಚರ್ಚಿನಲ್ಲಿ 1600ರಲ್ಲಿ ಮುಗಿದ ತೈಲವರ್ಣ ಚಿತ್ರ. ವಿದ್ಯುತ್ ದೀಪಕ್ಕಿಂತ ಸುಮಾರು ಮುನ್ನೂರು ವರ್ಷ ಹಳೆಯದು. ಆದರೆ ಅವರ ಪ್ರಶ್ನೆ ತಪ್ಪಾಗಿರಲಿಲ್ಲ. ಕತ್ತಲೆಯ ನಡುವೆ ಒಂದೇ ದಿಕ್ಕಿನಿಂದ ಬೆಳಕು ಬಿಟ್ಟು, ನೋಡುವವನ ಕಣ್ಣನ್ನು ತನಗೆ ಬೇಕಾದ ಕಡೆಗೆ ಎಳೆದುಕೊಳ್ಳುವ ವಿದ್ಯೆ ನಮ್ಮ ಟೆಲಿವಿಷನ್ ಮತ್ತು ಸಿನಿಮಾದವರಿಗೆ ಬಂದದ್ದು ಆ ಕಾಲದ ಚಿತ್ರಕಾರರಿಂದಲೇ. ಆ ಕಾಲಕ್ಕೆ ಬರೋಕ್ ಯುಗ ಎಂದು ಹೆಸರು.

ನಾನು ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ. ಕಲೆಯ ಇತಿಹಾಸವನ್ನು ತರಗತಿಯಲ್ಲಿ ಕೂತು ಕಲಿತವನಲ್ಲ. ಕಾರ್ಯಕ್ರಮಗಳನ್ನು ತಯಾರಿಸುತ್ತ, ನೋಡುತ್ತ, ಕೇಳುತ್ತ ಕಲಿತವನು. ಆದ್ದರಿಂದ ನಿಮ್ಮಲ್ಲಿ ವಿಜ್ಞಾನ ಅಥವಾ ವಾಣಿಜ್ಯ ಓದುತ್ತಿರುವವರು "ಇದು ನಮಗಲ್ಲ" ಎಂದು ಪುಟ ಮಗುಚಬೇಕಾಗಿಲ್ಲ.

ಡೊಂಕು ಮುತ್ತು

ಬರೋಕ್ ಎಂಬ ಪದ ಪೋರ್ಚುಗೀಸ್ ಭಾಷೆಯದೆಂದು ಬಹಳ ಮಂದಿ ವಿದ್ವಾಂಸರು ಹೇಳುತ್ತಾರೆ. ದುಂಡಗಿಲ್ಲದ, ಡೊಂಕಾದ ಮುತ್ತು ಎಂದು ಅದರ ಅರ್ಥ. ಆ ಕಾಲದ ಕಲಾವಿದರಾರೂ ತಮ್ಮನ್ನು ಬರೋಕ್ ಎಂದು ಕರೆದುಕೊಳ್ಳಲಿಲ್ಲ. 18ನೇ ಶತಮಾನದ ಟೀಕಾಕಾರರು ತಮಗೆ ಹಿಡಿಸದ, ಅತಿಯಾಯಿತು ಎನಿಸಿದ ಸಂಗೀತವನ್ನೂ ಕಟ್ಟಡಗಳನ್ನೂ ಹೀಗೆ ಹಂಗಿಸಿದರು. 1888ರಲ್ಲಿ ಸ್ವಿಟ್ಜರ್ಲೆಂಡಿನ ಕಲಾ ಇತಿಹಾಸಕಾರ ಹೈನ್ರಿಖ್ ವೂಲ್ಫ್ಲಿನ್ ಈ ಕುರಿತು ಪುಸ್ತಕ ಬರೆದ ಮೇಲೆ ಆ ಬೈಗುಳ ಒಂದು ಯುಗದ ಹೆಸರಾಗಿ ನಿಂತಿತು.

ಸ್ಥೂಲವಾಗಿ 1600ರಿಂದ 1750ರವರೆಗಿನ ನೂರೈವತ್ತು ವರ್ಷಗಳನ್ನು ಬರೋಕ್ ಕಾಲವೆನ್ನುತ್ತಾರೆ. ನಮ್ಮ ವಿಜಾಪುರದ ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ್ ಆದಿಲ್ ಶಾಹ್ ತೀರಿಕೊಂಡದ್ದು 1656ರಲ್ಲಿ. ಅದೇ ವರ್ಷ ರೋಮಿನ ಸಂತ ಪೇತ್ರರ ಚೌಕದ ಕಂಬಸಾಲಿನ ಕೆಲಸ ಆರಂಭವಾಯಿತು. ಇಷ್ಟು ನೆನಪಿಟ್ಟುಕೊಂಡರೆ ಕಾಲದ ಅಂದಾಜು ಸಿಗುತ್ತದೆ.

ಈ ಕಲೆ ಹುಟ್ಟಿದ್ದೇಕೆ? 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ರೋಮಿನ ಚರ್ಚನ್ನು ಪ್ರಶ್ನಿಸಿದ. ಅಲ್ಲಿಂದ ಮುಂದೆ ಕ್ರೈಸ್ತ ಯುರೋಪ್ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಎಂದು ಒಡೆಯಿತು. ಹಲವು ಪ್ರಾಟೆಸ್ಟೆಂಟ್ ಊರುಗಳಲ್ಲಿ ಚರ್ಚಿನೊಳಗಿನ ಚಿತ್ರಗಳನ್ನು ಕಿತ್ತುಹಾಕಿದರು, ಗೋಡೆಗಳಿಗೆ ಸುಣ್ಣ ಬಳಿದರು. ಇದಕ್ಕೆ ಉತ್ತರವಾಗಿ 1563ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ, ಚಿತ್ರಗಳೂ ಶಿಲ್ಪಗಳೂ ಚರ್ಚಿನಲ್ಲಿ ಇರಬೇಕು, ಅವು ಜನರಿಗೆ ಕಲಿಸಬೇಕು, ಭಕ್ತಿಯನ್ನು ಎಚ್ಚರಿಸಬೇಕು ಎಂದು ತೀರ್ಮಾನಿಸಿತು. ಓದು ಬಾರದ ರೈತನೂ ನೋಡಿದೊಡನೆ ಅರ್ಥಮಾಡಿಕೊಳ್ಳಬೇಕು. ಬರಿಯ ಅರ್ಥವಾದರೆ ಸಾಲದು, ಅವನ ಮನಸ್ಸು ಅಲುಗಬೇಕು.

ಮನಸ್ಸನ್ನು ಅಲುಗಿಸುವುದು. ಬರೋಕ್ ಕಲೆಯ ಬೀಗದಕೈ ಇಷ್ಟೇ. ಪುನರುಜ್ಜೀವನ ಕಾಲದ ಕಲೆ ಸಮತೋಲವನ್ನು ಹುಡುಕಿತು, ನೋಡುವವನನ್ನು ಸ್ವಲ್ಪ ದೂರದಲ್ಲಿ ನಿಲ್ಲಿಸಿತು. ಬರೋಕ್ ಆತನ ಕೈಹಿಡಿದು ಘಟನೆಯ ಒಳಕ್ಕೆ ಎಳೆಯಿತು.

ಒಂದೇ ದೀಪದ ಚಿತ್ರ

ಸ್ಟುಡಿಯೋದಲ್ಲಿದ್ದ ಚಿತ್ರಕ್ಕೆ ಮರಳೋಣ. ಹೆಸರು 'ಸಂತ ಮತ್ತಾಯನಿಗೆ ಬಂದ ಕರೆ'. ಬರೆದವನು ಕಾರವಾಜ್ಜೊ, 1571ರಲ್ಲಿ ಹುಟ್ಟಿದವನು. ಸುಮಾರು ಮೂರು ಮೀಟರಿಗೂ ಹೆಚ್ಚು ಅಗಲ, ಅಷ್ಟೇ ಎತ್ತರದ ಈ ಚಿತ್ರ ಇಂದಿಗೂ ರೋಮಿನ ಸಾನ್ ಲುಯಿಜಿ ದೇಯ್ ಫ್ರಾಂಚೇಜಿ ಚರ್ಚಿನಲ್ಲಿ, ಅದಕ್ಕಾಗಿಯೇ ಗೊತ್ತಾದ ಜಾಗದಲ್ಲಿದೆ.

ಕಥೆ ಬೈಬಲಿನದು. ಮತ್ತಾಯ ಸುಂಕ ವಸೂಲಿ ಮಾಡುವವನು. ಯೇಸು ಅವನನ್ನು "ನನ್ನನ್ನು ಹಿಂಬಾಲಿಸು" ಎಂದು ಕರೆಯುತ್ತಾನೆ. ಅವನು ಎದ್ದು ಹೊರಡುತ್ತಾನೆ. ಕಾರವಾಜ್ಜೊ ಇದನ್ನು ಹೇಗೆ ಬರೆದ ನೋಡಿ. ಒಂದು ಕತ್ತಲೆ ಕೋಣೆ. ಮೇಜಿನ ಸುತ್ತ ಐದು ಜನ, ಹಣ ಎಣಿಸುತ್ತಿದ್ದಾರೆ. ಅವರು ತೊಟ್ಟಿರುವುದು ಯೇಸುವಿನ ಕಾಲದ ಬಟ್ಟೆಯಲ್ಲ, 1600ರ ರೋಮಿನ ಬೀದಿಯ ಬಟ್ಟೆ. ಬಲಗಡೆ ಯೇಸುವೂ ಪೇತ್ರನೂ ಒಳಗೆ ಬಂದಿದ್ದಾರೆ. ಯೇಸುವಿನ ಚಾಚಿದ ಕೈ ಮಾತ್ರ ಚೆನ್ನಾಗಿ ಕಾಣುತ್ತದೆ. ಆ ಕೈಯ ಮೇಲಿಂದ ಬೆಳಕಿನ ಒಂದು ಪಟ್ಟಿ ಗೋಡೆಯನ್ನು ಸೀಳಿಕೊಂಡು ಮೇಜಿನವರ ಮುಖಗಳ ಮೇಲೆ ಬೀಳುತ್ತದೆ.

ಚಿತ್ರದಲ್ಲಿ ಒಂದು ಕಿಟಕಿಯೂ ಇದೆ. ಆದರೆ ಬೆಳಕು ಬರುವುದು ಅದರಿಂದಲ್ಲ! ವಿಜ್ಞಾನದ ವಿದ್ಯಾರ್ಥಿಗಳು ನೆರಳುಗಳ ದಿಕ್ಕನ್ನು ನೋಡಿಯೇ ಇದನ್ನು ಸಾಧಿಸಬಹುದು. ಬೆಳಕಿನ ಮೂಲ ಚೌಕಟ್ಟಿನ ಆಚೆಗೆ, ಬಲಗಡೆ ಮೇಲೆ ಎಲ್ಲೋ ಇದೆ. ಕರೆಯೂ ಅದೇ ದಿಕ್ಕಿನಿಂದ ಬಂದಿದೆ. ಬೆಳಕೇ ಇಲ್ಲಿ ಕರೆ.

ಇನ್ನೂ ಒಂದು ಸ್ವಾರಸ್ಯ. ಗಡ್ಡದವನೊಬ್ಬ "ನನ್ನನ್ನೇ?" ಎನ್ನುವಂತೆ ಬೆರಳು ತೋರುತ್ತಿದ್ದಾನೆ. ಅವನು ತೋರುತ್ತಿರುವುದು ತನ್ನನ್ನೋ, ಪಕ್ಕದಲ್ಲಿ ತಲೆ ತಗ್ಗಿಸಿ ನಾಣ್ಯ ನೋಡುತ್ತಿರುವ ಹುಡುಗನನ್ನೋ? ಇವರಲ್ಲಿ ಮತ್ತಾಯ ಯಾರು? ವಿದ್ವಾಂಸರು ಇಂದಿಗೂ ವಾದಿಸುತ್ತಿದ್ದಾರೆ. ಕರೆ ಬಂದಿದೆ, ಉತ್ತರ ಇನ್ನೂ ಬಂದಿಲ್ಲ. ಆ ನಡುವಿನ ಒಂದು ಕ್ಷಣವನ್ನು ಚಿತ್ರಕಾರ ಹಿಡಿದು ನಿಲ್ಲಿಸಿದ್ದಾನೆ.

ಕಾರವಾಜ್ಜೊ ಸಂತರ ಪಾತ್ರಕ್ಕೆ ಸಾಮಾನ್ಯ ಜನರನ್ನೇ ಮಾದರಿಯಾಗಿ ಕೂರಿಸಿಕೊಳ್ಳುತ್ತಿದ್ದ. ಅವರ ಸುಕ್ಕು, ಮಣ್ಣು ಮೆತ್ತಿದ ಪಾದ ಎಲ್ಲವೂ ಚಿತ್ರದಲ್ಲಿ ಬಂದವು. ಆತ ಬರೆದ 'ಕನ್ಯಾಮಾತೆಯ ಮರಣ'ದಲ್ಲಿ ಮೇರಿ ಬರಿಗಾಲಿನ, ಮೈ ಊದಿಕೊಂಡ ಒಬ್ಬ ಬಡ ಹೆಂಗಸಿನ ಹಾಗೆ ಮಲಗಿದ್ದಾಳೆ. ಯಾವ ಚರ್ಚಿಗಾಗಿ ಬರೆದಿದ್ದನೋ ಆ ಚರ್ಚು ಅದನ್ನು ಬೇಡವೆಂದಿತು. ಆಗ ಇಟಲಿಯಲ್ಲಿದ್ದ ಚಿತ್ರಕಾರ ರೂಬೆನ್ಸ್ ಅದರ ಬೆಲೆಯರಿತು ಮಾಂಟುವಾದ ಡ್ಯೂಕನಿಂದ ಕೊಳ್ಳಿಸಿದ. ಈಗ ಅದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಜನರ ಮನಸ್ಸು ಅಲುಗಬೇಕು ಎಂದವರೇ, ನಿಜವಾಗಿ ಅಲುಗಿಸುವ ಚಿತ್ರ ಎದುರು ಬಂದಾಗ ಬೆಚ್ಚಿದರು ಎಂಬುದನ್ನು ಗಮನಿಸಿ. ಇದೇ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಕಾರವಾಜ್ಜೊ ಸ್ವಭಾವದಲ್ಲಿ ಜಗಳಗಂಟ. 1606ರಲ್ಲಿ ಹೊಡೆದಾಟವೊಂದರಲ್ಲಿ ಒಬ್ಬನನ್ನು ಕೊಂದು ರೋಮಿನಿಂದ ಓಡಿಹೋದ. ನಾಲ್ಕು ವರ್ಷ ಊರೂರು ಅಲೆದು 1610ರಲ್ಲಿ ತೀರಿಕೊಂಡ. ಆದರೆ ಆತನ ನೆರಳು-ಬೆಳಕು ಯುರೋಪಿನಲ್ಲೆಲ್ಲ ಹರಡಿತು.

ಅದನ್ನು ತನ್ನದಾಗಿಸಿಕೊಂಡವರಲ್ಲಿ ಅರ್ತೆಮಿಸಿಯ ಜೆಂತಿಲೆಸ್ಕಿ ಮುಖ್ಯಳು. 1593ರಲ್ಲಿ ಹುಟ್ಟಿದ ಈಕೆ ಚಿತ್ರಕಾರನ ಮಗಳು. ತಂದೆಯ ಸಹೋದ್ಯೋಗಿಯೊಬ್ಬ ಆಕೆಯ ಮೇಲೆ ಅತ್ಯಾಚಾರವೆಸಗಿದ. 1612ರ ವಿಚಾರಣೆಯಲ್ಲಿ ಆಕೆ ಹೇಳುವುದು ನಿಜವೇ ಎಂದು ಪರೀಕ್ಷಿಸಲು ಆಕೆಯ ಬೆರಳುಗಳಿಗೇ ಹಗ್ಗ ಬಿಗಿದರು. ಚಿತ್ರ ಬರೆಯುವ ಬೆರಳುಗಳು! ಆಕೆ ಮಾತು ಬದಲಿಸಲಿಲ್ಲ. ಅಪರಾಧಿಗೆ ಶಿಕ್ಷೆ ಘೋಷಣೆಯಾಯಿತು. ನಾಲ್ಕು ವರ್ಷದ ನಂತರ, 1616ರಲ್ಲಿ, ಫ್ಲಾರೆನ್ಸಿನ ಕಲಾ ಅಕಾಡೆಮಿ ಆಕೆಯನ್ನು ಸದಸ್ಯಳಾಗಿ ಸೇರಿಸಿಕೊಂಡಿತು. ಆ ಅಕಾಡೆಮಿಯ ಮೊದಲ ಮಹಿಳೆ ಆಕೆ. ಸೇನಾಪತಿ ಹೊಲೊಫರ್ನಿಸನ ತಲೆ ಕಡಿಯುವ ಜೂಡಿತ್‌ಳ ಕಥೆಯನ್ನು ಅನೇಕರು ಚಿತ್ರಿಸಿದ್ದಾರೆ. ಅರ್ತೆಮಿಸಿಯಳ ಜೂಡಿತ್ ಮುಖ ತಿರುಗಿಸುವುದಿಲ್ಲ. ಅಂಗಿಯ ತೋಳು ಮೇಲೆ ಸರಿಸಿ ಕೆಲಸಕ್ಕೆ ನಿಂತಿದ್ದಾಳೆ.

ಉತ್ತರದ ಹಾಲೆಂಡ್ ಪ್ರಾಟೆಸ್ಟೆಂಟ್ ದೇಶ. ಚರ್ಚಿನಲ್ಲಿ ಚಿತ್ರಕ್ಕೆ ಜಾಗವಿಲ್ಲವಾದ್ದರಿಂದ ಚಿತ್ರಕಾರರಿಗೆ ವರ್ತಕರೂ ಸಂಘಸಂಸ್ಥೆಗಳೂ ಗಿರಾಕಿಗಳಾದರು. ಅಲ್ಲಿಯ ರೆಂಬ್ರಾಂಟ್ 1642ರಲ್ಲಿ ನಗರ ಕಾವಲು ಪಡೆಯೊಂದಕ್ಕಾಗಿ 'ರಾತ್ರಿ ಪಹರೆ' ಚಿತ್ರವನ್ನು ಬರೆದ. ಸಾಲಾಗಿ ನಿಂತ ಗ್ರೂಪ್ ಫೋಟೋದಂತಿರಬೇಕಾಗಿದ್ದ ಚಿತ್ರವನ್ನು ಆತ ಗದ್ದಲ, ಗಡಿಬಿಡಿ, ಬೆಳಕಿನ ಆಟವಾಗಿ ಮಾಡಿದ. ವಾಸ್ತವವಾಗಿ ಅದು ರಾತ್ರಿಯ ದೃಶ್ಯವಲ್ಲ. ಮೇಲೆ ಬಳಿದ ವಾರ್ನಿಷ್ ಕಾಲಕ್ರಮದಲ್ಲಿ ಕಪ್ಪಾದ್ದರಿಂದ ಆ ಹೆಸರು ಬಂತು. 1656ರಲ್ಲಿ ರೆಂಬ್ರಾಂಟ್ ದಿವಾಳಿಯಾದ. ಸರಿಸುಮಾರು ಆ ವರ್ಷಗಳಲ್ಲೇ ಆತ ಭಾರತದ ಮೊಘಲ್ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳನ್ನು ಬರೆದಿದ್ದಾನೆ. ಆಮ್‌ಸ್ಟರ್‌ಡ್ಯಾಮಿನ ಒಂದು ಕೋಣೆಯಲ್ಲಿ ಕೂತು ಷಹಜಹಾನನನ್ನು ಬರೆಯುತ್ತಿದ್ದ ರೆಂಬ್ರಾಂಟ್‌ನನ್ನು ಊಹಿಸಿಕೊಳ್ಳಿ!

ಕಲ್ಲಿಗೆ ಬಂದ ಚಲನೆ

ಚಿತ್ರದಲ್ಲಿ ಬೆಳಕು ಮಾಡಿದ ಕೆಲಸವನ್ನು ಶಿಲ್ಪದಲ್ಲಿ ಚಲನೆ ಮಾಡಿತು. ಇದನ್ನು ತಿಳಿಯಲು ಎರಡು ಶಿಲ್ಪಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಎರಡರ ವಸ್ತುವೂ ಒಂದೇ: ದೈತ್ಯ ಗೊಲ್ಯಾತನನ್ನು ಕವಣೆಕಲ್ಲಿನಿಂದ ಕೆಡವಿದ ಹುಡುಗ ದಾವೀದ. ಪುನರುಜ್ಜೀವನ ಕಾಲದ ಮೈಕೆಲ್ಯಾಂಜೆಲೊ 1504ರಲ್ಲಿ ಮುಗಿಸಿದ ದಾವೀದ ಶಾಂತವಾಗಿ ನಿಂತಿದ್ದಾನೆ. ಕವಣೆ ಹೆಗಲ ಮೇಲಿದೆ. ಯುದ್ಧ ಇನ್ನೂ ಮುಂದಿದೆ. ಜಾನ್ ಲೊರೆಂಜೊ ಬರ್ನಿನಿ 1624ರಲ್ಲಿ ಮುಗಿಸಿದ ದಾವೀದನ ಮೈ ಸ್ಪ್ರಿಂಗಿನಂತೆ ತಿರುಚಿಕೊಂಡಿದೆ. ತುಟಿ ಕಚ್ಚಿಕೊಂಡಿದ್ದಾನೆ. ಮುಂದಿನ ಅರೆಕ್ಷಣದಲ್ಲಿ ಕಲ್ಲು ಹಾರಲಿದೆ. ಹಾರುವುದು ಎಲ್ಲಿಗೆ? ಗೊಲ್ಯಾತ ಶಿಲ್ಪದಲ್ಲಿ ಇಲ್ಲ. ಆತ ನಿಮ್ಮ ಬೆನ್ನ ಹಿಂದೆಲ್ಲೋ ಇದ್ದಾನೆ. ನೋಡಲು ಹೋದ ನೀವು ಯುದ್ಧಭೂಮಿಯ ನಡುವೆ ನಿಂತುಬಿಟ್ಟಿದ್ದೀರಿ! ಇದನ್ನು ಕೆತ್ತಿದಾಗ ಬರ್ನಿನಿಗೆ ಇಪ್ಪತ್ತೈದರ ಆಸುಪಾಸು.

ಬರ್ನಿನಿ ನಾಟಕಗಳನ್ನೂ ಬರೆದು ಆಡಿಸುತ್ತಿದ್ದವನು, ರಂಗಸಜ್ಜಿಕೆ ಬಲ್ಲವನು. ರೋಮಿನ ಸಾಂತಾ ಮರಿಯಾ ದೆಲ್ಲಾ ವಿತ್ತೋರಿಯಾ ಚರ್ಚಿನಲ್ಲಿ ಆತನ 'ಸಂತ ತೆರೇಸಾಳ ಭಾವಸಮಾಧಿ' ಇದೆ. ಕಾಲ 1647ರಿಂದ 1652. ದೇವಪ್ರೇಮದಲ್ಲಿ ಮೈಮರೆತ ತೆರೇಸಾ ಮೋಡದ ಮೇಲೆ ಒರಗಿದ್ದಾಳೆ. ಟನ್ನುಗಟ್ಟಲೆ ಭಾರದ ಅಮೃತಶಿಲೆ ತೇಲುವಂತೆ ಕಾಣುತ್ತದೆ. ಮೇಲೆ, ನಮಗೆ ಕಾಣದಂತೆ ಮುಚ್ಚಿಟ್ಟ ಒಂದು ಕಿಟಕಿಯಿಂದ ನಿಜವಾದ ಹಗಲ ಬೆಳಕು ಆಕೆಯ ಮೇಲೆ ಬೀಳುತ್ತದೆ. ಎರಡೂ ಪಕ್ಕದ ಗೋಡೆಗಳಲ್ಲಿ, ನಾಟಕಮಂದಿರದ ಬಾಲ್ಕನಿಯಲ್ಲಿ ಕೂತವರಂತೆ, ಹಣ ಕೊಟ್ಟು ಮಾಡಿಸಿದ ಮನೆತನದವರ ಶಿಲ್ಪಗಳಿವೆ. ವಾಸ್ತು, ಶಿಲ್ಪ, ಬೆಳಕು, ರಂಗಭೂಮಿ ಎಲ್ಲವೂ ಇಲ್ಲಿ ಒಂದಾಗಿವೆ.

ಸಂತ ಪೇತ್ರರ ಮಹಾಮಂದಿರದ ಮುಂದಿನ ಚೌಕವೂ ಬರ್ನಿನಿಯದೇ. 284 ಕಂಬಗಳು ನಾಲ್ಕು ಸಾಲಾಗಿ ನಿಂತು, ಎರಡು ತೋಳುಗಳಂತೆ ಜನರನ್ನು ಅಪ್ಪಿಕೊಳ್ಳುತ್ತವೆ. ಚೌಕ ಎಂದರೂ ಅದರ ಆಕಾರ ದೀರ್ಘವೃತ್ತವನ್ನು ಹೋಲುತ್ತದೆ. ನೆಲದ ಮೇಲೆ ಗುರುತು ಮಾಡಿದ ಒಂದು ಬಿಲ್ಲೆಯ ಮೇಲೆ ನಿಂತು ನೋಡಿದರೆ ನಾಲ್ಕು ಸಾಲು ಕಂಬಗಳು ಒಂದರ ಹಿಂದೊಂದು ಅಡಗಿ ಒಂದೇ ಸಾಲಾಗಿ ಕಾಣುತ್ತವೆ. ಒಂದು ಹೆಜ್ಜೆ ಆಚೆ ಇಟ್ಟರೆ ಚದುರುತ್ತವೆ. 1609ರಲ್ಲಿ ಕೆಪ್ಲರ್ ಗ್ರಹಗಳ ಪಥ ವೃತ್ತವಲ್ಲ, ದೀರ್ಘವೃತ್ತ ಎಂದು ಪ್ರಕಟಿಸಿದ್ದ. ಕೆಪ್ಲರನನ್ನು ಓದಿ ಬರ್ನಿನಿ ಚೌಕ ಕಟ್ಟಿದ ಎಂದು ನಾನು ಹೇಳುತ್ತಿಲ್ಲ. ಆದರೆ ವೃತ್ತವೇ ಪರಿಪೂರ್ಣ ಎಂಬ ಹಳೆಯ ನಂಬಿಕೆ ಆಕಾಶದಲ್ಲೂ ನೆಲದ ಮೇಲೂ ಒಂದೇ ಶತಮಾನದಲ್ಲಿ ಸಡಿಲವಾಯಿತು ಎಂಬುದು ವಿಚಾರ ಮಾಡುವಂಥದ್ದು.

ಚರ್ಚಿಗೆ ಒಲಿದ ಈ ವಿದ್ಯೆ ರಾಜರಿಗೂ ಬೇಕಾಯಿತು. ಫ್ರಾನ್ಸಿನ 14ನೇ ಲೂಯಿ 1682ರಲ್ಲಿ ತನ್ನ ಆಸ್ಥಾನವನ್ನು ವರ್ಸೈ ಅರಮನೆಗೆ ಒಯ್ದ. ಅಲ್ಲಿಯ ಕನ್ನಡಿ ಸಭಾಂಗಣದ ಉದ್ದ 73 ಮೀಟರ್. ಒಂದು ಬದಿಗೆ 17 ಕಿಟಕಿಗಳು, ಎದುರಿಗೆ 17 ಕಮಾನುಗಳಲ್ಲಿ 357 ಕನ್ನಡಿಗಳು. ದೊಡ್ಡ ಕನ್ನಡಿ ಬಹಳ ದುಬಾರಿಯಾಗಿದ್ದ ಕಾಲ ಅದು. ಒಳಗೆ ಕಾಲಿಟ್ಟ ರಾಯಭಾರಿ ಒಂದು ಮಾತನ್ನೂ ಆಡುವ ಮೊದಲೇ ಸಣ್ಣವನಾಗಿಬಿಡುತ್ತಿದ್ದ.

ಬರೋಕ್ ಶಿಲ್ಪ ನೋಡಲು ರೋಮಿಗೇ ಹೋಗಬೇಕೆಂದಿಲ್ಲ. ಕಾರವಾರದಿಂದ ಕೆಲವೇ ಗಂಟೆಗಳ ದಾರಿಯ ಹಳೆ ಗೋವಾದಲ್ಲಿ, 1605ರಲ್ಲಿ ಪೂರ್ಣಗೊಂಡ ಬೋಮ್ ಜೇಸಸ್ ಚರ್ಚಿದೆ. ಅಲ್ಲಿ ಸಂತ ಫ್ರಾನ್ಸಿಸ್ ಝೇವಿಯರನ ಪೆಟ್ಟಿಗೆಯ ಕೆಳಗಿರುವ ಅಮೃತಶಿಲೆಯ ಪೀಠವನ್ನು ರೂಪಿಸಿದವನು ಫ್ಲಾರೆನ್ಸಿನ ಬರೋಕ್ ಶಿಲ್ಪಿ ಫೊಜ್ಜಿನಿ. ತಸ್ಕನಿಯ ಮಹಾ ಡ್ಯೂಕ್ ಮೂರನೇ ಕೋಸಿಮೊ ಕಾಣಿಕೆಯಾಗಿ ಕಳುಹಿಸಿದ ಈ ಪೀಠ ಹಡಗಿನಲ್ಲಿ ಬಂದು 1698ರಲ್ಲಿ ಅಲ್ಲಿ ಸ್ಥಾಪನೆಯಾಯಿತು. ಮುಂದಿನ ಬಾರಿ ಶಾಲೆಯ ಪ್ರವಾಸ ಗೋವಾಕ್ಕೆ ಹೋದಾಗ ಸಮುದ್ರತೀರದಲ್ಲಿ ಕಳೆಯುವ ಹೊತ್ತಿನಲ್ಲಿ ಅರ್ಧ ಗಂಟೆ ಇದಕ್ಕೂ ಉಳಿಸಿ.

ನಮ್ಮ ಪಿಟೀಲಿನ ತವರು

ಇನ್ನು ಸಂಗೀತ. ನಮ್ಮ ಕರ್ನಾಟಕ ಸಂಗೀತದ ಕಚೇರಿಯಲ್ಲಿ ಪಿಟೀಲಿಲ್ಲದ ವೇದಿಕೆ ಅಪರೂಪ. ಮುತ್ತುಸ್ವಾಮಿ ದೀಕ್ಷಿತರ ಸೋದರ ಬಾಲುಸ್ವಾಮಿ ದೀಕ್ಷಿತರು ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನುಡಿಸಿದರು. ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಇದೆ. ಈ ವಾದ್ಯ ಪೂರ್ಣ ಪ್ರೌಢವಾಗಿ ಬೆಳೆದದ್ದು ಬರೋಕ್ ಕಾಲದ ಇಟಲಿಯಲ್ಲಿ. ಕ್ರೆಮೋನಾ ಊರಿನ ಅಂತೋನಿಯೊ ಸ್ತ್ರಾದಿವಾರಿ 1737ರಲ್ಲಿ ಸಾಯುವವರೆಗೂ ಮಾಡಿದ ಪಿಟೀಲುಗಳನ್ನು ಇಂದಿಗೂ ಜಗತ್ತಿನ ಶ್ರೇಷ್ಠ ವಾದಕರು ನುಡಿಸುತ್ತಾರೆ. ಎಂದಮೇಲೆ ಬರೋಕ್ ಕಾಲದ ಒಂದು ದನಿ ನಮ್ಮ ಕಿವಿಗೆ ಮೊದಲೇ ಪರಿಚಿತ.

ಬರೋಕ್ ಸಂಗೀತದ ಆರಂಭದಲ್ಲಿ ಒಬ್ಬ ವಿಜ್ಞಾನಿಯ ತಂದೆ ನಿಂತಿದ್ದಾನೆ. ಗೆಲಿಲಿಯೋನ ತಂದೆ ವಿಂಚೆಂಜೊ ಗೆಲಿಲಿ ಲ್ಯೂಟ್ ಎಂಬ ತಂತಿವಾದ್ಯ ನುಡಿಸುವವನು. ತಂತಿಗೆ ತೂಕ ಕಟ್ಟಿ ಪ್ರಯೋಗ ಮಾಡಿ, ಸ್ವರ ಒಂದು ಸ್ಥಾಯಿ ಮೇಲೇರಲು ಎರಡರಷ್ಟಲ್ಲ, ನಾಲ್ಕರಷ್ಟು ತೂಕ ಬೇಕು ಎಂದು ತೋರಿಸಿದ. ನೀವು ಪಿ.ಯು.ಸಿ. ಪ್ರಯೋಗಾಲಯದಲ್ಲಿ ಸೋನೋಮೀಟರಿನಿಂದ ಕಾಣುವುದೂ ಇದನ್ನೇ. ಈತ ಮತ್ತು ಫ್ಲಾರೆನ್ಸಿನ ಗೆಳೆಯರ ತಕರಾರು ಏನೆಂದರೆ, ಅಂದಿನ ಗಾಯನದಲ್ಲಿ ಹಲವು ಕಂಠಗಳು ಹೆಣೆದುಕೊಂಡು ಸಾಹಿತ್ಯವೇ ಕೇಳಿಸದಂತಾಗಿದೆ. ಮಾತಿನ ಭಾವ ಕೇಳುಗನ ಎದೆಗೆ ತಾಗಬೇಕು. ಈ ಹಂಬಲದಿಂದ ಒಂದೇ ಕಂಠದ ಭಾವಪೂರ್ಣ ಹಾಡುಗಾರಿಕೆ ಬಂತು. ಅದರಿಂದ ಒಪೆರಾ, ಅಂದರೆ ಪೂರ್ತಿ ಹಾಡಿನಲ್ಲೇ ನಡೆಯುವ ನಾಟಕ, ಹುಟ್ಟಿತು. 1607ರಲ್ಲಿ ಮಾಂಟುವಾದಲ್ಲಿ ಆಡಿದ ಮಾಂಟೆವರ್ಡಿಯ 'ಓರ್ಫಿಯೊ' ಇಂದಿಗೂ ರಂಗದ ಮೇಲಿದೆ. 1637ರಲ್ಲಿ ವೆನಿಸ್ಸಿನಲ್ಲಿ ಟಿಕೆಟ್ ಕೊಂಡು ಯಾರು ಬೇಕಾದರೂ ನೋಡಬಹುದಾದ ಒಪೆರಾ ಮಂದಿರ ತೆರೆಯಿತು.

ಈ ಸಂಗೀತವನ್ನು ಕೇಳುವಾಗ ಒಂದು ವ್ಯತ್ಯಾಸ ಗೊತ್ತಿರಬೇಕು. ನಮ್ಮ ಸಂಗೀತದಲ್ಲಿ ಶ್ರುತಿಯ ಮೇಲೆ ರಾಗ ಒಂದೇ ಎಳೆಯಾಗಿ ಹರಿಯುತ್ತದೆ. ಸೊಗಸೆಲ್ಲ ಆ ಎಳೆಯ ಗಮಕದಲ್ಲಿ. ಅವರಲ್ಲಿ ಏಕಕಾಲಕ್ಕೆ ಹಲವು ಎಳೆಗಳು ಹರಿಯುತ್ತವೆ. ಒಟ್ಟಿಗೆ ನುಡಿಯುವ ಸ್ವರಗಳ ಹೊಂದಾಣಿಕೆಯೇ ಹಾರ್ಮನಿ. ಆದ್ದರಿಂದ ಮೇಲಿನ ರಾಗವನ್ನಷ್ಟೇ ಕೇಳಬೇಡಿ. ಕೆಳಗೆ ಚೆಲ್ಲೊ ಎಂಬ ದೊಡ್ಡ ಪಿಟೀಲು ಎಡೆಬಿಡದೆ ನಡೆಯುತ್ತಿರುತ್ತದೆ, ಅದನ್ನು ಹಿಂಬಾಲಿಸಿ. ಜೊತೆಗಿರುವ ಹಾರ್ಪ್ಸಿಕಾರ್ಡ್ ಎಂಬ ಮನೆಗಳ ವಾದ್ಯಕ್ಕೆ ರಚನಕಾರ ಎಲ್ಲ ಸ್ವರಗಳನ್ನೂ ಬರೆದುಕೊಡುತ್ತಿರಲಿಲ್ಲ. ಕೆಳಗಿನ ಸ್ವರವನ್ನು ಬರೆದು, ಅದರಿಂದ ಎಣಿಸಿದರೆ ಎಷ್ಟನೆಯ ಸ್ವರ ಸೇರಬೇಕು ಎಂದು ಅಂಕಿ ಹಾಕುತ್ತಿದ್ದ. ಉಳಿದದ್ದನ್ನು ವಾದಕ ಆ ಕ್ಷಣದಲ್ಲೇ ತುಂಬಬೇಕು. ನಮ್ಮ ಮನೋಧರ್ಮಕ್ಕೆ ದೂರದ ನಂಟು ಎನ್ನಬಹುದು.

ಚಿತ್ರದ ನೆರಳು-ಬೆಳಕಿಗೆ ಸಂವಾದಿಯಾಗಿ ಸಂಗೀತದಲ್ಲಿ ಕನ್ಚರ್ಟೊ ಬಂತು. ಒಂದು ಕಡೆ ಒಬ್ಬನೇ ವಾದಕ, ಇನ್ನೊಂದು ಕಡೆ ಇಡೀ ವಾದ್ಯವೃಂದ. ವೆನಿಸ್ಸಿನ ಅಂತೋನಿಯೊ ವಿವಾಲ್ಡಿ ಇಂಥ ಸುಮಾರು ಐನೂರು ರಚನೆಗಳನ್ನು ಮಾಡಿದ. 1703ರಲ್ಲಿ ಆತ ಪಿಯೆತಾ ಎಂಬ ಅನಾಥಾಲಯದಲ್ಲಿ ಪಿಟೀಲು ಮೇಷ್ಟ್ರಾಗಿ ಸೇರಿದ. ಹೆತ್ತವರು ಬಿಟ್ಟುಹೋದ ಹೆಣ್ಣುಮಕ್ಕಳು ಅಲ್ಲಿ ಸಂಗೀತ ಕಲಿತು, ಜಾಲರಿಯ ಹಿಂದೆ ಮರೆಯಾಗಿ ನುಡಿಸುತ್ತಿದ್ದರು. ಕೇಳಲು ಯುರೋಪಿನ ಮೂಲೆಮೂಲೆಯಿಂದ ಜನ ಬರುತ್ತಿದ್ದರು. 1725ರಲ್ಲಿ ಅಚ್ಚಾದ ವಿವಾಲ್ಡಿಯ 'ನಾಲ್ಕು ಋತುಗಳು' ಕೃತಿಯಲ್ಲಿ ವಸಂತದ ಹಕ್ಕಿಗಳಿವೆ, ಗುಡುಗಿದೆ, ಬೊಗಳುವ ನಾಯಿಯಿದೆ, ಚಳಿಗೆ ಕಟಕಟಿಸುವ ಹಲ್ಲುಗಳೂ ಇವೆ! 1741ರಲ್ಲಿ ವಿವಾಲ್ಡಿ ವಿಯೆನ್ನಾದಲ್ಲಿ ಬಡತನದಲ್ಲಿ ತೀರಿಕೊಂಡ. ಜಗತ್ತು ಆತನನ್ನು ಮರೆತು, 20ನೇ ಶತಮಾನದಲ್ಲಿ ಮತ್ತೆ ಕಂಡುಕೊಂಡಿತು.

ಬಾಖ್

ಯೊಹಾನ್ ಸೆಬಾಸ್ಟಿಯನ್ ಬಾಖ್ 1685ರಲ್ಲಿ ಜರ್ಮನಿಯ ಐಸನಾಖ್‌ನಲ್ಲಿ ಹುಟ್ಟಿದ. ಹತ್ತು ವರ್ಷಕ್ಕೆ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ. 1717ರಲ್ಲಿ ವೈಮರ್ ಡ್ಯೂಕನ ಕೆಲಸ ಬಿಟ್ಟು ಬೇರೆಡೆ ಹೋಗುತ್ತೇನೆಂದು ಹಟ ಹಿಡಿದಾಗ ಡ್ಯೂಕ್ ಆತನನ್ನು ಸುಮಾರು ನಾಲ್ಕು ವಾರ ಸೆರೆಯಲ್ಲಿಟ್ಟ. ಸಂಗೀತಗಾರ ಅಂದು ಅರಮನೆಯ ಆಳುಗಳಲ್ಲಿ ಒಬ್ಬ, ಅಷ್ಟೇ. 1723ರಿಂದ 1750ರಲ್ಲಿ ಸಾಯುವವರೆಗೆ ಬಾಖ್ ಲೈಪ್ಸಿಗ್ ನಗರದಲ್ಲಿದ್ದ. ಹುಡುಗರಿಗೆ ಹಾಡು ಕಲಿಸುವುದು, ಚರ್ಚುಗಳಿಗೆ ಸಂಗೀತ ಒದಗಿಸುವುದು ಕೆಲಸ. ಆರಂಭದ ವರ್ಷಗಳಲ್ಲಿ ಬಹುತೇಕ ಪ್ರತಿ ಭಾನುವಾರಕ್ಕೂ ಹೊಸ ಕೃತಿ! 1730ರಲ್ಲಿ, ಹಾಡುವವರೂ ನುಡಿಸುವವರೂ ಸಾಲದೆಂದು ಲೆಕ್ಕ ಸಮೇತ ನಗರಸಭೆಗೆ ಮನವಿ ಬರೆದ.

ಬಾಖ್‌ನ ವಿಶೇಷ ವಿದ್ಯೆ ಫ್ಯೂಗ್. ಒಬ್ಬ ಒಂದು ವಾಕ್ಯ ಹೇಳುತ್ತಾನೆ. ಅವನು ಮುಂದಿನ ಮಾತಿಗೆ ಹೋದಾಗ ಎರಡನೆಯವನು ಅದೇ ವಾಕ್ಯವನ್ನು ಬೇರೆ ಶ್ರುತಿಯಲ್ಲಿ ಆರಂಭಿಸುತ್ತಾನೆ. ಆಮೇಲೆ ಮೂರನೆಯವನು. ಎಲ್ಲರೂ ಒಟ್ಟಿಗೆ ಮಾತಾಡಿದರೂ ಗದ್ದಲವಾಗುವುದಿಲ್ಲ. ಪ್ರತಿಯೊಂದು ದನಿಯೂ ಇನ್ನೊಂದಕ್ಕೆ ಜಾಗ ಬಿಡುತ್ತದೆ. ಹರಟೆಯಲ್ಲಿ ಇದು ಅಸಾಧ್ಯ. ಬಾಖ್‌ನಲ್ಲಿ ಸಾಧ್ಯ.

ಗಣಿತದವರಿಗೆ ಒಂದು ಲೆಕ್ಕ. ಷಡ್ಜ-ಪಂಚಮದ ಕಂಪನಾಂಕಗಳ ಅನುಪಾತ 3/2. ಪಂಚಮದಿಂದ ಪಂಚಮಕ್ಕೆ ಹನ್ನೆರಡು ಬಾರಿ ಏರಿದರೆ ಏಳು ಸ್ಥಾಯಿ ಮೇಲೆ ಷಡ್ಜ ಸಿಗಬೇಕು. ಆದರೆ 3/2ರ ಹನ್ನೆರಡನೇ ಘಾತ ಸುಮಾರು 129.75, 2ರ ಏಳನೇ ಘಾತ 128. ಎರಡೂ ಕೂಡುವುದಿಲ್ಲ! ಈ ಸಣ್ಣ ಅಂತರವನ್ನು ಹನ್ನೆರಡು ಸ್ವರಗಳಿಗೂ ಜಾಣತನದಿಂದ ಹಂಚಿದರೆ ಮಾತ್ರ ಮನೆಗಳ ವಾದ್ಯದಲ್ಲಿ ಯಾವ ಸ್ವರವನ್ನು ಬೇಕಾದರೂ ಷಡ್ಜವಾಗಿ ಇಟ್ಟುಕೊಳ್ಳಬಹುದು. ಹಾಗೆ ಶ್ರುತಿ ಮಾಡಿದ ವಾದ್ಯದ ಸಾಧ್ಯತೆ ತೋರಿಸಲು ಬಾಖ್ 1722ರಲ್ಲಿ ಹನ್ನೆರಡು ಮೇಜರ್, ಹನ್ನೆರಡು ಮೈನರ್ ಶ್ರುತಿಗಳಲ್ಲಿ ಒಟ್ಟು 24 ಜೋಡಿ ರಚನೆಗಳ ಸಂಪುಟ ಸಿದ್ಧಮಾಡಿದ. ಸಾಮಾನ್ಯವಾಗಿ 'ವೆಲ್ ಟೆಂಪರ್ಡ್ ಕ್ಲೇವಿಯರ್' ಎಂದು ಕರೆಯುವುದು ಇದನ್ನೇ.

ಲೆಕ್ಕವಿದ್ದರೂ ಬಾಖ್ ಲೆಕ್ಕಿಗನಲ್ಲ. 'ಸಂತ ಮತ್ತಾಯನ ಪ್ಯಾಶನ್' ಎಂಬ ಆತನ ಮಹಾಕೃತಿ ಮೊದಲು ಹಾಡಿದ್ದು 1727ರಲ್ಲಿ ಎಂದು ತಿಳಿಯುತ್ತಾರೆ. ಯೇಸುವನ್ನು ಸೈನಿಕರು ಹಿಡಿದೊಯ್ದ ರಾತ್ರಿ, ಶಿಷ್ಯ ಪೇತ್ರ ಪ್ರಾಣಭಯದಿಂದ "ನಾನು ಅವನನ್ನು ಅರಿಯೆ" ಎಂದು ಮೂರು ಸಲ ಹೇಳುತ್ತಾನೆ. ಕೋಳಿ ಕೂಗುತ್ತದೆ. ಪೇತ್ರ ಅಳುತ್ತಾನೆ. ಅಲ್ಲಿ ಬಾಖ್ ದೊಡ್ಡ ಮೇಳವನ್ನು ಹಿಂದೆ ಸರಿಸಿ, ಒಂದು ಪಿಟೀಲನ್ನು ಮುಂದೆ ತರುತ್ತಾನೆ. ಆಮೇಲೆ ಒಂದು ಕಂಠ ಅದನ್ನು ಕೂಡಿಕೊಳ್ಳುತ್ತದೆ. ಭಾಷೆ ಬೇಡ, ಧರ್ಮ ಯಾವುದೂ ಆಗಿರಲಿ. ಹೆದರಿ ಸುಳ್ಳು ಹೇಳಿ ಆಮೇಲೆ ಮನಸ್ಸಿನಲ್ಲಿ ಬೆಂದವರೆಲ್ಲರಿಗೂ ಆ ಪಿಟೀಲು ಅರ್ಥವಾಗುತ್ತದೆ. ಬಾಖ್ ಸತ್ತ ಮೇಲೆ ದಶಕಗಟ್ಟಲೆ ಈ ಕೃತಿ ಮೂಲೆ ಸೇರಿತ್ತು. 1829ರಲ್ಲಿ ಇಪ್ಪತ್ತು ವರ್ಷದ ಮೆಂಡೆಲ್ಸನ್ ಬರ್ಲಿನ್ನಿನಲ್ಲಿ ಅದನ್ನು ಮತ್ತೆ ಹಾಡಿಸಿದ. ನಿಮ್ಮಲ್ಲಿ ಅನೇಕರದು ಅದೇ ವಯಸ್ಸು.

ಬಾಖ್ ಹುಟ್ಟಿದ ವರ್ಷವೇ ಹುಟ್ಟಿದ ಹ್ಯಾಂಡೆಲ್ ಲಂಡನ್ನಿನಲ್ಲಿ ಹೆಸರು ಮಾಡಿದ. ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. ಹ್ಯಾಂಡೆಲ್‌ನ 'ಮೆಸ್ಸಾಯ' 1742ರ ಏಪ್ರಿಲ್ 13ರಂದು ಡಬ್ಲಿನ್ನಿನಲ್ಲಿ ಮೊದಲು ನಡೆಯಿತು. ಹಣ ಆಸ್ಪತ್ರೆಗಳಿಗೂ ಸೆರೆಯಲ್ಲಿದ್ದ ಸಾಲಗಾರರಿಗೂ ಹೋಯಿತು. 142 ಜನ ಬಿಡುಗಡೆಯಾದರು.

ಅಲುಗಿದ ಮೇಲೆ

ಈಗ ಹಿಂದೆ ಬಿಟ್ಟ ಮಾತಿಗೆ ಬರೋಣ. ಬರೋಕ್ ಕಲೆಗೆ ಹಣ ಕೊಟ್ಟವರು ಪೋಪರು, ರಾಜರು, ಶ್ರೀಮಂತರು. ಅವರಿಗೆ ಒಂದು ಉದ್ದೇಶವಿತ್ತು: ಜನ ನಂಬಬೇಕು, ಬೆರಗಾಗಬೇಕು, ಬಾಗಬೇಕು. ಬೆಳಕು, ಸಂಗೀತ, ಎತ್ತರ, ಹೊಳಪು ಎಲ್ಲವನ್ನೂ ಕೂಡಿಸಿ ಮನುಷ್ಯನ ಮನಸ್ಸನ್ನು ಬೇಕಾದ ಕಡೆ ತಿರುಗಿಸುವ ವಿದ್ಯೆ ಆ ಕಾಲದಲ್ಲಿ ಪಕ್ವವಾಯಿತು. ಇಂದು ಅದೇ ವಿದ್ಯೆಯನ್ನು ಜಾಹೀರಾತಿನವರು, ಚುನಾವಣಾ ಪ್ರಚಾರದವರು, ಟೆಲಿವಿಷನ್ನಿನವರಾದ ನಾವೂ ಬಳಸುತ್ತೇವೆ. ಒಂದು ಮುಖವನ್ನು ಕೆಳಗಿನಿಂದ ಬೆಳಗಿದರೆ ಖಳನಾಗುತ್ತದೆ, ಮೇಲಿನಿಂದ ಮೃದುವಾಗಿ ಬೆಳಗಿದರೆ ಸಂತನಾಗುತ್ತದೆ. ಮುಖ ಮಾತ್ರ ಅದೇ.

ಹಾಗಾದರೆ ಬರೋಕ್ ಬರಿಯ ಪ್ರಚಾರವೇ? ಅಲ್ಲ. ಹಣ ಕೊಟ್ಟವರ ಉದ್ದೇಶ ಎಲ್ಲಿಗೆ ಮುಗಿಯುತ್ತದೋ ಅಲ್ಲಿಂದಾಚೆಗೆ ಒಳ್ಳೆಯ ಕಲಾವಿದ ಇನ್ನೇನನ್ನೋ ಸೇರಿಸುತ್ತಾನೆ. ಪವಾಡ ತೋರಿಸು ಎಂದರೆ ಕಾರವಾಜ್ಜೊ ಮಣ್ಣು ಮೆತ್ತಿದ ಪಾದವನ್ನೂ ತೋರಿಸಿದ. ಶೂರಳನ್ನು ಬರೆ ಎಂದರೆ ಅರ್ತೆಮಿಸಿಯ ತಾನು ಕಂಡ ಹಿಂಸೆಯ ಭಾರವನ್ನೂ ಬರೆದಳು. ಪೂಜೆಗೆ ಸಂಗೀತ ಕೊಡು ಎಂದರೆ ಬಾಖ್ ಒಬ್ಬ ಹೇಡಿಯ ಕಣ್ಣೀರನ್ನೂ ಕೊಟ್ಟ. ಪ್ರಚಾರ ಪ್ರಶ್ನೆಗಳನ್ನು ಮುಚ್ಚುತ್ತದೆ. ಇವರ ಕೃತಿಗಳು ತೆರೆಯುತ್ತವೆ. ಮತ್ತಾಯ ಯಾರು ಎಂದು ನಾವಿನ್ನೂ ಕೇಳುತ್ತಿದ್ದೇವಲ್ಲ!

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಮೊದಲು ಮನಸ್ಸು ಅಲುಗಲು ಬಿಡಿ. ಅಲುಗದ ಮನಸ್ಸಿನಿಂದ ಕಲೆಯನ್ನು ಅರಿಯಲಾಗದು. ಆಮೇಲೆ ಕೇಳಿ: ನನ್ನನ್ನು ಅಲುಗಿಸಿದ್ದು ಯಾವುದು? ಹೇಗೆ? ಯಾರಿಗಾಗಿ?

1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಭೂಮಿಯ ನಾದಗಳ ಚಿನ್ನದ ಲೇಪದ ತಟ್ಟೆಯಿದೆ. ಅದರಲ್ಲಿ ಬಾಖ್‌ನ ಮೂರು ರಚನೆಗಳಿವೆ. ಗೋವಾದ ಕೇರಿ ಗ್ರಾಮದಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಒಂದು ನೌಕೆ 2,400 ಕೋಟಿ ಕಿಲೋಮೀಟರಿಗೂ ದೂರ ಹೋಗಿದೆ. ಅಲ್ಲಿ ಆ ತಟ್ಟೆಯನ್ನು ಯಾರಾದರೂ ಕೇಳುತ್ತಾರೋ ಇಲ್ಲವೋ ಯಾರಿಗೆ ಗೊತ್ತು? ಇಲ್ಲಿ ನಾವಂತೂ ಕೇಳಬಹುದು.

ನೋಡಿ, ಕೇಳಿ, ಮಾಡಿ

1. ರಾತ್ರಿ ಕೋಣೆಯ ದೀಪಗಳನ್ನು ಆರಿಸಿ, ಸ್ನೇಹಿತನೊಬ್ಬನನ್ನು ಕೂರಿಸಿ, ಪಕ್ಕದಿಂದ ಒಂದೇ ಟಾರ್ಚ್ ಹಿಡಿಯಿರಿ. ಎದುರು ಬದಿಗೆ ಒಂದು ಬಿಳಿ ಹಾಳೆ ಹಿಡಿದು ಮುಖದಲ್ಲಾಗುವ ಬದಲಾವಣೆಯನ್ನು ಬರೆದಿಡಿ.

2. ಮೈಕೆಲ್ಯಾಂಜೆಲೊ ಮತ್ತು ಬರ್ನಿನಿಯ ದಾವೀದರ ಚಿತ್ರಗಳನ್ನು ಗ್ರಂಥಾಲಯದಲ್ಲಿ ಅಥವಾ ಇಂಟರ್‌ನೆಟ್ಟಿನಲ್ಲಿ ಹುಡುಕಿ. ಐದು ವ್ಯತ್ಯಾಸ ಪಟ್ಟಿಮಾಡಿ.

3. ವಿವಾಲ್ಡಿಯ 'ನಾಲ್ಕು ಋತುಗಳು' ಕೃತಿಯ ಚಳಿಗಾಲದ ಮೊದಲ ಭಾಗವನ್ನು ಕಣ್ಣು ಮುಚ್ಚಿ ಕೇಳಿ. ನಡುಕ ಎಲ್ಲಿದೆ, ಗಾಳಿ ಎಲ್ಲಿದೆ ಗುರುತಿಸಿ.

4. ಬಾಖ್‌ನ ಆ 24ರ ಸಂಪುಟದಿಂದ ಸಿ ಮೈನರ್ ಫ್ಯೂಗ್ ಕೇಳಿ. ಮೂರು ದನಿಗಳಿವೆ. ಮೂರನೆಯದು ಯಾವಾಗ ಬಂತು ಎಂದು ಹಿಡಿಯಲು ಮೂರು ನಾಲ್ಕು ಸಲ ಕೇಳಬೇಕಾದೀತು, ಬೇಸರಿಸಬೇಡಿ.

5. ಟೆಲಿವಿಷನ್ನಿನ ಯಾವುದಾದರೂ ಒಂದು ಜಾಹೀರಾತನ್ನು ಮೊದಲು ಶಬ್ದವಿಲ್ಲದೆ ನೋಡಿ, ಆಮೇಲೆ ಚಿತ್ರ ನೋಡದೆ ಕೇಳಿ. ಬೆಳಕು ಏನು ಹೇಳಿತು, ಸಂಗೀತ ಏನು ಹೇಳಿತು, ವಸ್ತು ನಿಜಕ್ಕೂ ಏನು? ಮೂರನ್ನೂ ಬೇರೆಬೇರೆಯಾಗಿ ಬರೆಯಿರಿ. ನಮ್ಮ ಕಾರ್ಯಕ್ರಮವನ್ನು ನೋಡುವಾಗಲೂ ಇದೇ ಪರೀಕ್ಷೆ ಮಾಡಿದರೆ ನನಗೆ ಸಂತೋಷವೇ.